ಕಪಿಗೆ ಚೌರ್ಯವಿದ್ಯೆಯನ್ನು ಕಲಿಸಿದ ಗುರು ಯಾರು?

ಟೋಪಿ ಮಾರುವವನ ಕಥೆಯನ್ನು ಕೇಳದ ಮಗು ಕನ್ನಡಿಗರ ಮನೆಯಲ್ಲಿ ಇರಲಾರದು. ಬುಟ್ಟಿಯ ತುಂಬ ಟೋಪಿಗಳನ್ನು ಹೊತ್ತು ಊರಿಂದೂರಿಗೆ ಹೋಗುತ್ತಿದ್ದ ವ್ಯಾಪಾರಿಯೊಬ್ಬನು ಬಿಸಿಲಿನ ಬೇಗೆಯನ್ನು ತಾಳಲಾರದೆ ಮರದ ನೆರಳಿನಲ್ಲಿ ಒರಗಿದನು. ಎಚ್ಚರವಾಗಿ ನೋಡಿದರೆ ಬುಟ್ಟಿ ಬರಿದಾಗಿದೆ. ಮರದ ಮೇಲಿನ ಕೋತಿಗಳೆಲ್ಲ ತಲೆಗೊಂದು ಟೋಪಿಯಿಟ್ಟು ಕುಳಿತಿವೆ. ಬೈದನು, ಕಲ್ಲೆಸೆದನು, ಬೇಡಿಕೊಂಡನು. ಯಾವುದಕ್ಕೂ ಅವು ಜಗ್ಗಲಿಲ್ಲ. ಕೊನೆಗೆ ಬೇಸತ್ತು ತನ್ನ ತಲೆಯ ಟೋಪಿಯನ್ನೇ ನೆಲಕ್ಕೆ ಬಿಸುಟನು. ಕೂಡಲೆ ಕೋತಿಗಳೂ ತಮ್ಮ ತಮ್ಮ ಟೋಪಿಗಳನ್ನು ಬಿಸುಟವು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದುವಾಗ ನಾವು ಈ ಕಥೆಯನ್ನು ಕೇಳಿ ನಕ್ಕವರು. ದೆಹಲಿಯಲ್ಲಿ ಅದನ್ನೇ ನಾನು ಹೇಳಿದಾಗ ನೀವು ನಗುವುದನ್ನೂ ಕಂಡಿದ್ದೇನೆ.

ವಿದ್ಯಾರ್ಥಿಗಳಿರಾ, ಈ ಕಥೆ ಕೋತಿಗೆ ದೊಡ್ಡ ಅನ್ಯಾಯ ಮಾಡಿದೆಯೆಂಬುದು ನನ್ನ ಅಭಿಪ್ರಾಯ. ಕೋತಿ ಕದಿಯುತ್ತದೆಯೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ದೆಹಲಿಯಲ್ಲಿ ವಾಸಮಾಡುವ ಯಾರೂ ಅಲ್ಲಗಳೆಯಲಾರರು. ಆದರೆ ಕದ್ದ ಮಾಲನ್ನು ಅದು ಪುಕ್ಕಟೆಯಾಗಿ ಹಿಂತಿರುಗಿಸುತ್ತದೆಯೆಂದು ಹೇಳಿರುವುದು ಮಾತ್ರ ಶುದ್ಧ ಸುಳ್ಳು. ಇಂದಿನ ಕೋತಿಯ ಕೈಗೆ ಆ ಬುಟ್ಟಿ ಸಿಕ್ಕಿದ್ದರೆ, ಟೋಪಿಯೊಂದಕ್ಕೆ ಎರಡು ಬಾಳೆಯಹಣ್ಣಿನಂತೆ ಬೆಲೆ ನಿಗದಿ ಮಾಡಿ, ಹಣ್ಣು ಕೈಸೇರಿದ ಮೇಲೆಯೇ ಟೋಪಿಯನ್ನು ಬಿಡುತ್ತಿತ್ತು. ನಾನು ಪರಿಹಾಸ್ಯಕ್ಕಾಗಿ ಹೀಗೆ ಹೇಳುತ್ತಿಲ್ಲ. ಇದರ ಪ್ರಮಾಣವನ್ನು ಮುಂದೆ ಕೊಡುತ್ತೇನೆ. ಪ್ರಮಾಣವನ್ನು ನೋಡಿದ ಮೇಲೆ, ಇಷ್ಟು ಬುದ್ಧಿವಂತನಾದ ಈ ಕಳ್ಳನಿಗೆ ವಿದ್ಯೆ ಕಲಿಸಿದ ಗುರು ಯಾರೆಂಬ ಪ್ರಶ್ನೆಯನ್ನು ಕೇಳದೆ ಇರಲು ಸಾಧ್ಯವಿಲ್ಲ. ಶಿಷ್ಯನು ಕೆಟ್ಟರೆ ಲೋಕವು ಗುರುವಿನ ಕಡೆಗೆ ನೋಡುತ್ತದೆ. ಉಪಾಧ್ಯಾಯನಾದ ನನಗೆ ಇದು ಚೆನ್ನಾಗಿ ಗೊತ್ತು.

ಮೊದಲು ಆ ಕಳ್ಳನ ಪರಿಚಯವಾಗಲಿ. ನೀವು ಇಲ್ಲಿ ಮನೆಯ ಮಾಳಿಗೆಯ ಮೇಲೂ ಶಾಲೆಯ ಗೋಡೆಯ ಮೇಲೂ ಕಾಣುವ ಕೋತಿ, ರಜೆಯಲ್ಲಿ ಊರಿಗೆ ಹೋದಾಗ ಕಾಣುವ ಕೋತಿಯಲ್ಲ. ದೆಹಲಿಯದು ರೀಸಸ್ ಕೋತಿ. ಶಾಸ್ತ್ರಜ್ಞರು ಅದನ್ನು ಮಕಾಕಾ ಮುಲಾಟಾ ಎನ್ನುತ್ತಾರೆ. ಕಂದು ಮೈ, ಕೆಂಪಗಿನ ಮೋರೆ, ಕೆಂಪಗಿನ ಹಿಂಭಾಗ, ಗಿಡ್ಡ ಬಾಲ. ಕರ್ನಾಟಕದ ಕೋತಿಯ ಬಾಲ ಬಲು ಉದ್ದ. ಅದರ ನೆತ್ತಿಯ ಕೂದಲು ಟೋಪಿಯಿಟ್ಟಂತೆ ಸುತ್ತಲೂ ಹರಡಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಟೋಪಿಯ ಹೆಸರನ್ನೇ ಇಟ್ಟಿದ್ದಾರೆ. ಹುಟ್ಟುವಾಗಲೇ ಟೋಪಿಯಿಟ್ಟುಕೊಂಡು ಬರುವ ನಮ್ಮ ನಾಡಿನ ಕೋತಿಗೆ ವ್ಯಾಪಾರಿಯ ಟೋಪಿಯನ್ನು ಕದಿಯಬೇಕಾದ ಅಗತ್ಯವಾದರೂ ಏನಿತ್ತು? ಇರಲಿ. ಎರಡಕ್ಕೂ ಸಮಾನವಾದ ಒಂದು ಅಂಗವಿದೆ. ಅದು ಕೆನ್ನೆಯ ಒಳಗಿನ ಚೀಲ. ಸಿಕ್ಕಿದ್ದನ್ನು ಅಗಿಯುವ ಗೊಡವೆಯಿಲ್ಲದೆ ಅದರಲ್ಲಿ ತುರುಕಿಕೊಂಡು, ಓಡಿಹೋಗಿ, ನಿಶ್ಚಿಂತೆಯಾದ ಸ್ಥಳದಲ್ಲಿ ಕುಳಿತು ತಿನ್ನಬಹುದು. ಪ್ರಕೃತಿಯೇ ಜೇಬು ಹೊಲಿದುಕೊಟ್ಟಿದೆಯೆಂದು ಹೇಳಬೇಕು.

ಈ ರೀಸಸ್ ಕೋತಿಗೂ ನಮಗೂ ಇನ್ನೊಂದು ನಂಟಿದೆ. ನಿಮ್ಮ ರಕ್ತದ ಗುಂಪನ್ನು ಹೇಳುವಾಗ ಪಾಸಿಟಿವ್ ಅಥವಾ ನೆಗೆಟಿವ್ ಎಂದು ಸೇರಿಸುತ್ತೀರಷ್ಟೆ. ಅದು ‘ಆರ್‌ಎಚ್’ ಎಂಬ ಅಂಶದ ಸೂಚನೆ. ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ೧೯೪೦ರಲ್ಲಿ ರೀಸಸ್ ಕೋತಿಯ ರಕ್ತವನ್ನು ಬಳಸಿ ಅದನ್ನು ಕಂಡುಹಿಡಿದುದರಿಂದ ಕೋತಿಯ ಹೆಸರಿನ ಮೊದಲ ಎರಡು ಅಕ್ಷರಗಳು ಅದಕ್ಕೆ ಅಂಟಿಕೊಂಡವು. ನಿಮ್ಮ ಬುತ್ತಿಯನ್ನು ಕಸಿಯುವ ಪ್ರಾಣಿಯ ಹೆಸರು ನಿಮ್ಮ ಆರೋಗ್ಯದ ಚೀಟಿಯಲ್ಲಿಯೂ ಇದೆಯೆಂಬುದು ನೆನಪಿರಲಿ.

ಇನ್ನು ಅದರ ಬುದ್ಧಿಯ ವಿಚಾರ. ೧೯೩೮ರಲ್ಲಿ ಸುಮಾರು ೪೦೦ ರೀಸಸ್ ಕೋತಿಗಳನ್ನು ನಮ್ಮ ದೇಶದಿಂದ ಹಡಗಿನಲ್ಲಿ ಸಾಗಿಸಿ, ಪೋರ್ಟೊ ರಿಕೊ ಬಳಿಯ ಕಾಯೊ ಸ್ಯಾಂಟಿಯಾಗೊ ಎಂಬ ಚಿಕ್ಕ ದ್ವೀಪದಲ್ಲಿ ಬಿಟ್ಟರು. ಅವುಗಳ ಸಂತತಿ ಇಂದಿಗೂ ಅಲ್ಲಿದೆ. ವಿಜ್ಞಾನಿಗಳು ಅದನ್ನು ಅಭ್ಯಾಸ ಮಾಡುತ್ತ ಬಂದಿದ್ದಾರೆ. ಫ್ಲಾಂಬಾಮ್ ಮತ್ತು ಸ್ಯಾಂಟೋಸ್ ಎಂಬಿಬ್ಬರು ಅಲ್ಲಿ ಮಾಡಿದ ಪರೀಕ್ಷೆಯ ವಿವರ ೨೦೦೫ರಲ್ಲಿ ಪ್ರಕಟವಾಯಿತು. ಇಬ್ಬರು ಮನುಷ್ಯರು ತಲಾ ಒಂದೊಂದು ದ್ರಾಕ್ಷಿಯನ್ನು ಮುಂದಿಟ್ಟುಕೊಂಡು ನಿಲ್ಲುವುದು; ಒಬ್ಬನು ಕೋತಿಯ ಕಡೆಗೆ ಮುಖಮಾಡಿರುವುದು, ಇನ್ನೊಬ್ಬನು ಬೆನ್ನು ತಿರುಗಿಸಿರುವುದು. ಕೋತಿಗಳು ಹೆಚ್ಚಾಗಿ ಬೆನ್ನು ತಿರುಗಿಸಿದವನ ದ್ರಾಕ್ಷಿಯನ್ನೇ ಅಪಹರಿಸಿದವು. ಆಮೇಲೆ ಪರೀಕ್ಷೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಇಬ್ಬರೂ ಎದುರಾಗಿಯೇ ನಿಂತರು. ಆದರೆ ಒಬ್ಬನ ಕಣ್ಣು ಮಾತ್ರ ಬೇರೆಡೆಗೆ ತಿರುಗಿತ್ತು. ಆಗಲೂ ಕೋತಿಗಳು ಕಣ್ಣು ತಿರುಗಿದವನನ್ನೇ ಆರಿಸಿಕೊಂಡವು. ಮರುವರ್ಷ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ತೆರೆದರೆ ಗೆಜ್ಜೆಯ ಸದ್ದಾಗುವ ಪೆಟ್ಟಿಗೆಯೊಂದು, ಸದ್ದಾಗದ ಪೆಟ್ಟಿಗೆಯೊಂದು. ಮನುಷ್ಯನು ನೋಡದೆ ಇದ್ದಾಗ ಕೋತಿಗಳು ಸದ್ದಿಲ್ಲದ ಪೆಟ್ಟಿಗೆಗೇ ಕೈಹಾಕಿದವು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿರಿ. ಎದುರಿನವನಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂಬ ಲೆಕ್ಕವು ಕೋತಿಯ ತಲೆಯಲ್ಲಿದೆ. ಅದು ಸುಮ್ಮನೆ ಅನುಕರಣೆ ಮಾಡುವ ಜಂತುವಲ್ಲ. ಟೋಪಿಯ ಕಥೆ ಬರೆದವರು ಮರದ ಮೇಲೆ ಮೂರ್ಖರನ್ನು ಕೂರಿಸಿದರು. ನಿಜವಾದ ಮರದ ಮೇಲೆ ಕುಳಿತಿರುವವರು ನಮ್ಮ ಕಣ್ಣನ್ನೇ ಓದುತ್ತಿರುವ ವಿದ್ವಾಂಸರು.

ಈಗ ನಾನು ಮೇಲೆ ಹೇಳಿದ ವ್ಯಾಪಾರದ ಪ್ರಮಾಣವನ್ನು ಕೊಡುತ್ತೇನೆ. ದೆಹಲಿಯಿಂದ ಸುಮಾರು ೧೫೦ ಕಿಲೋಮೀಟರ್ ದೂರದಲ್ಲಿ ವೃಂದಾವನವಿದೆ. ನಿಮ್ಮಲ್ಲಿ ಅನೇಕರು ಮನೆಯವರೊಡನೆ ಅಲ್ಲಿಗೆ ಹೋಗಿಬಂದಿರಬಹುದು. ಅಲ್ಲಿನ ಗಲ್ಲಿಗಳಲ್ಲಿ ಕಾಲಿಡುವ ಮೊದಲು ಕನ್ನಡಕವನ್ನು ತೆಗೆದು ಜೇಬಿನಲ್ಲಿಡಬೇಕೆಂದು ಅಂಗಡಿಯವರೇ ಎಚ್ಚರಿಸುತ್ತಾರೆ. ಮರೆತವರ ಮೂಗಿನ ಮೇಲಿನ ಕನ್ನಡಕ ಕ್ಷಣಾರ್ಧದಲ್ಲಿ ಮಾಳಿಗೆಯನ್ನು ಸೇರುತ್ತದೆ. ಕನ್ನಡಕವು ತಿನ್ನುವ ಪದಾರ್ಥವಲ್ಲವೆಂಬುದನ್ನು ಕೋತಿ ಬಲ್ಲದು. ಆದರೂ ಅದನ್ನು ಬಿಸುಡುವುದಿಲ್ಲ. ಕೆಳಗಿನಿಂದ ಯಾರಾದರೂ ಹಣ್ಣಿನ ರಸದ ಪೊಟ್ಟಣವನ್ನೆಸೆದರೆ ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಕನ್ನಡಕವನ್ನು ಬಿಡುತ್ತದೆ. ೨೦೨೨ರ ಆಗಸ್ಟ್ ತಿಂಗಳಿನಲ್ಲಿ ಮಥುರಾ ಜಿಲ್ಲೆಯ ಮ್ಯಾಜಿಸ್ಟ್ರೇಟರ ಕನ್ನಡಕವನ್ನೇ ಅಲ್ಲಿನ ಕೋತಿಯೊಂದು ಕಿತ್ತುಕೊಂಡಿತು. ಸುತ್ತಲೂ ಪೊಲೀಸರಿದ್ದರು. ಜಿಲ್ಲೆಯ ದಂಡಾಧಿಕಾರವೆಲ್ಲ ಕೆಳಗೆ ನಿಂತು ಮೇಲೆ ನೋಡುವಂತಾಯಿತು!

ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಉಲುವಾಟು ಎಂಬ ದೇವಾಲಯವಿದೆ. ಅಲ್ಲಿ ಉದ್ದಬಾಲದ ಇನ್ನೊಂದು ಜಾತಿಯ ಕೋತಿಗಳು ಇದೇ ಉದ್ಯೋಗವನ್ನು ನಡೆಸುತ್ತಿವೆ. ೨೦೨೧ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಆಶ್ಚರ್ಯಕರವಾದ ವಿಷಯವನ್ನು ಹೊರಗೆಡಹಿತು. ಯಾತ್ರಿಕರಿಗೆ ಯಾವ ವಸ್ತು ಹೆಚ್ಚು ಬೇಕಾದುದೋ ಅದನ್ನೇ ವಯಸ್ಕ ಕೋತಿಗಳು ಆರಿಸಿ ಕದಿಯುತ್ತವೆ. ಬರಿದಾದ ಚೀಲಕ್ಕಿಂತ ಕನ್ನಡಕ, ಟೋಪಿಗಿಂತ ಫೋನು ಮೇಲೆಂಬುದು ಅವಕ್ಕೆ ಗೊತ್ತು. ಅಷ್ಟೇ ಅಲ್ಲ, ಬೆಲೆಯುಳ್ಳ ವಸ್ತು ಕೈಯಲ್ಲಿದ್ದಾಗ ಅಲ್ಪಸ್ವಲ್ಪ ತಿಂಡಿಗೆ ಅವು ಒಪ್ಪುವುದಿಲ್ಲ. ಹೆಚ್ಚಿಗೆ ಕೊಡುವವರೆಗೂ ಕಾಯುತ್ತವೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಎಂಬ ಗಾದೆಯನ್ನು ನಾವು ಬಾಯಿಪಾಠ ಮಾಡಿದ್ದೇವೆ. ಮಾಣಿಕ್ಯದ ಬೆಲೆ ಮಂಗನಿಗೆ ತಿಳಿಯದೆಂಬುದು ಅದರ ತಾತ್ಪರ್ಯ. ಮಾಣಿಕ್ಯಕ್ಕೆ ನಾವೆಷ್ಟು ಬಾಳೆಯಹಣ್ಣು ಕೊಡುತ್ತೇವೆಂಬುದು ಮಂಗನಿಗೆ ಚೆನ್ನಾಗಿ ತಿಳಿಯುತ್ತದೆಯೆಂದು ಈಗ ಗಾದೆಯನ್ನು ತಿದ್ದಬೇಕಾಗಿದೆ.

ಇಲ್ಲಿಯೇ ನನ್ನ ಪ್ರಶ್ನೆಗೆ ಉತ್ತರದ ಸುಳಿವೂ ಇದೆ. ಬಾಲಿಯ ಕೋತಿಮರಿ ಈ ವಿದ್ಯೆಯನ್ನು ಹುಟ್ಟಿನಿಂದ ತಂದಿರುವುದಿಲ್ಲ. ಬಾಲ್ಯದ ಮೊದಲ ಕೆಲವು ವರ್ಷಗಳಲ್ಲಿ ಹಿರಿಯರನ್ನು ನೋಡಿ, ತಾನೂ ಪ್ರಯತ್ನಿಸಿ, ಸೋತು, ಮತ್ತೆ ಪ್ರಯತ್ನಿಸಿ ಕಲಿಯುತ್ತದೆ. ಯಾತ್ರಿಕರೊಡನೆ ಹೆಚ್ಚು ಕಾಲ ಕಳೆಯುವ ಗುಂಪುಗಳಲ್ಲಿ ಈ ರೂಢಿ ಹೆಚ್ಚು, ದೂರವಿರುವ ಗುಂಪುಗಳಲ್ಲಿ ಕಡಿಮೆ. ಎಂದರೆ ಮನುಷ್ಯನಿರುವ ಕಡೆ ಪಾಠಶಾಲೆ. ಮನುಷ್ಯನಿಲ್ಲದ ಕಡೆ ಶಾಲೆಯೇ ಇಲ್ಲ. ನಮ್ಮ ಬಂಡೀಪುರದ ಟೋಪಿತಲೆಯ ಕೋತಿಗಳನ್ನು ಕುರಿತು ಬೆಂಗಳೂರಿನ ಸಂಶೋಧಕರು ೨೦೧೮ರಲ್ಲಿ ಪ್ರಕಟಿಸಿದ ಲೇಖನವೂ ಇದಕ್ಕೆ ಹೊಂದುತ್ತದೆ. ಅಲ್ಲಿನ ಕೋತಿಗಳು ಪ್ರವಾಸಿಗರ ಎದುರು ಮೃದುವಾಗಿ ಕೂಗಿ, ಕೈಚಾಚಿ ಬೇಡುವುದನ್ನು ಕಲಿತಿವೆ. ಆಹಾರ ಹಿಡಿದ ಮನುಷ್ಯನು ತಮ್ಮ ಕಡೆ ನೋಡುತ್ತಿದ್ದಾನೆಯೇ ಎಂಬುದನ್ನೂ ಗಮನಿಸಿ ಕೈಚಾಚುತ್ತವೆ. ಒಂದೆಡೆ ಭಿಕ್ಷೆ, ಇನ್ನೊಂದೆಡೆ ಲೂಟಿ. ವಿದ್ಯೆಗಳು ಎರಡಾದರೂ ಗುರು ಒಬ್ಬನೇ. ಕನ್ನಡಕ ಕಸಿದ ಕೋತಿಗೆ ಹಣ್ಣಿನ ರಸವನ್ನು ಎಸೆದವನು ತನ್ನ ವಸ್ತುವನ್ನು ಹಿಂದಕ್ಕೆ ಪಡೆದೆನೆಂದು ತಿಳಿಯುತ್ತಾನೆ. ಅವನು ಪಾಠ ಹೇಳಿದ್ದಾನೆ. ಶಿಷ್ಯನಿಗೆ ಬಹುಮಾನವನ್ನೂ ಕೊಟ್ಟಿದ್ದಾನೆ.

ಈ ಮಾತಿಗೆ ಎರಡು ಆಕ್ಷೇಪಣೆಗಳು ಬರುವುದುಂಟು. ಕಾಡನ್ನು ಕಡಿದು ನಗರ ಕಟ್ಟಿದವರು ನಾವು, ಹಸಿದ ಕೋತಿ ಇನ್ನೇನು ಮಾಡೀತು ಎಂಬುದು ಮೊದಲನೆಯದು. ಇದರಲ್ಲಿ ಅರ್ಧ ಸತ್ಯವಿದೆ. ದೆಹಲಿಯ ಬೆನ್ನೆಲುಬಿನಂತಿರುವ ರಿಡ್ಜ್ ಎಂಬ ಕಲ್ಲುಗುಡ್ಡಗಳ ಸಾಲನ್ನು ನೋಡಿರಿ. ಅಲ್ಲಿ ಹಬ್ಬಿರುವುದು ಬಹುಮಟ್ಟಿಗೆ ಹೊರದೇಶದಿಂದ ಬಂದ ವಿಲಾಯತಿ ಕೀಕರ್ ಎಂಬ ಮುಳ್ಳುಮರ. ಆಲ, ಅತ್ತಿ, ನೇರಳೆಗಳಿದ್ದಿದ್ದರೆ ಕೋತಿಗೆ ಒದಗುತ್ತಿದ್ದ ಹಣ್ಣು ಅದರಿಂದ ಒದಗದು. ಆದರೆ ಉಳಿದರ್ಧವನ್ನೂ ಹೇಳಬೇಕು. ರೀಸಸ್ ಕೋತಿ ನೆನ್ನೆ ಮೊನ್ನೆ ಕಾಡಿನಿಂದ ಓಡಿಬಂದ ನಿರಾಶ್ರಿತನಲ್ಲ. ೧೯೫೯–೬೦ರಲ್ಲಿ ಉತ್ತರ ಭಾರತದಲ್ಲಿ ನಡೆದ ಸಮೀಕ್ಷೆಯಲ್ಲಿಯೇ ಹೆಚ್ಚಿನ ಕೋತಿಗಳು ಕಂಡುದು ಹಳ್ಳಿ, ಪಟ್ಟಣ, ದೇವಾಲಯ, ರಸ್ತೆಯ ಸಾಲುಮರಗಳಲ್ಲಿ. ದಟ್ಟ ಕಾಡಿನಲ್ಲಿ ಕಂಡವು ಕಡಿಮೆ. ಬಹುಕಾಲದಿಂದ ಅದು ನಮ್ಮ ನೆರೆಮನೆಯ ನಿವಾಸಿ. ಪೋಲಿಯೊ ಲಸಿಕೆಯ ತಯಾರಿಕೆಗಾಗಿಯೂ ಬೇರೆ ಪ್ರಯೋಗಗಳಿಗಾಗಿಯೂ ಲಕ್ಷಗಟ್ಟಲೆ ಕೋತಿಗಳನ್ನು ಹಿಡಿದು ಪರದೇಶಗಳಿಗೆ ಕಳುಹಿಸುತ್ತಿದ್ದ ಕಾಲವೊಂದಿತ್ತು. ೧೯೭೮ರಲ್ಲಿ ಭಾರತ ಸರ್ಕಾರವು ಆ ರಫ್ತನ್ನು ನಿಲ್ಲಿಸಿತು. ಅದು ಒಳ್ಳೆಯ ಕಾರ್ಯವೇ. ಅನಂತರ ಅವುಗಳ ಸಂಖ್ಯೆ ಚೇತರಿಸಿಕೊಂಡಿತು. ಹೆಚ್ಚಿದ ಆ ಸಂತತಿಯನ್ನು ನಗರವು ಎದುರುಗೊಂಡುದು ತೆರೆದ ಕಸದ ತೊಟ್ಟಿಯಿಂದ ಮತ್ತು ಬಾಳೆಯಹಣ್ಣಿನ ಗೊನೆಯಿಂದ.

ಎರಡನೆಯ ಆಕ್ಷೇಪಣೆ ಭಕ್ತಿಯದು. ಮಂಗಳವಾರ, ಶನಿವಾರಗಳಂದು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಹಣ್ಣು ಕಡಲೆಗಳನ್ನು ಸುರಿದು, ಕೈಮುಗಿದು ಹೋಗುವವರನ್ನು ನೀವು ಕಂಡಿದ್ದೀರಿ. ಹನುಮಂತನ ಮೇಲಿನ ಭಕ್ತಿಯಲ್ಲಿ ಕನ್ನಡಿಗರು ಯಾರಿಗೂ ಹಿಂದೆ ಬಿದ್ದವರಲ್ಲ. ಹಂಪೆ ಆನೆಗೊಂದಿಗಳ ಪರಿಸರವನ್ನೇ ಕಿಷ್ಕಿಂಧೆಯೆಂದೂ ಅಂಜನಾದ್ರಿಯನ್ನು ಅವನ ಜನ್ಮಸ್ಥಳವೆಂದೂ ನಂಬಿಕೊಂಡು ಬಂದ ನಾಡು ನಮ್ಮದು. ಆ ಭಕ್ತಿಯನ್ನು ನಾನು ಕಿಂಚಿತ್ತೂ ಕೀಳುಮಾಡುವುದಿಲ್ಲ. ಆದರೆ ದಾನಕ್ಕೊಂದು ಧರ್ಮವಿದೆ. ಕೊಟ್ಟುದರಿಂದ ಪಡೆದವನಿಗೆ ಹಿತವಾಯಿತೇ ಎಂದು ವಿಚಾರಿಸುವುದೇ ಆ ಧರ್ಮ. ಹಣ್ಣು ಸುರಿದವರು ಐದು ನಿಮಿಷದಲ್ಲಿ ಹೊರಟುಹೋಗುತ್ತಾರೆ. ಅದಕ್ಕಾಗಿ ಕೋತಿಗಳು ವಾಹನಗಳ ನಡುವೆ ನುಗ್ಗುತ್ತವೆ, ಒಂದನ್ನೊಂದು ಕಚ್ಚುತ್ತವೆ. ಮರುದಿನ ದಾನಿ ಬಾರದೆ ಇದ್ದಾಗ, ಅದೇ ದಾರಿಯಲ್ಲಿ ಚೀಲ ಹಿಡಿದು ಬರುವ ಮುದುಕಿಯ ಮೇಲೆ ಎರಗುತ್ತವೆ. ಪುಣ್ಯದ ಲೆಕ್ಕ ಒಬ್ಬರ ಹೆಸರಿಗೆ, ಗಾಯ ಇನ್ನೊಬ್ಬರ ಕೈಗೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತೆಂದು ನಾವು ಗಾದೆ ಕಟ್ಟಿದ್ದೇವೆ. ಇಲ್ಲಿ ನೋಡಿದರೆ ಮನುಷ್ಯನೇ ಕಲಿಸಿ, ಕೋತಿಯ ಬಾಯಿಗೆ ಒರೆಸುತ್ತಿದ್ದಾನೆ.

ನಗರದ ಆಡಳಿತವು ಕೈಕಟ್ಟಿ ಕುಳಿತಿಲ್ಲ. ಅದರ ಪ್ರಯತ್ನಗಳ ಚರಿತ್ರೆಯೇ ಒಂದು ಪ್ರಹಸನದಂತಿದೆ. ಮೊದಲು ಕರಿಮೋರೆಯ ಲಂಗೂರ್‌ಗಳನ್ನು ಹಗ್ಗ ಕಟ್ಟಿ ತಂದು ಸರ್ಕಾರಿ ಕಟ್ಟಡಗಳ ಕಾವಲಿಗೆ ನಿಲ್ಲಿಸಿದರು. ನಮ್ಮ ಕಡೆ ಮುಸುವ ಎನ್ನುವುದು ಇದರ ಬಳಗವನ್ನೇ. ಅದನ್ನು ಕಂಡರೆ ರೀಸಸ್ ಕೋತಿಗೆ ಅಂಜಿಕೆ. ಲಂಗೂರ್ ಕೂಡ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ; ಅದನ್ನು ಹೀಗೆ ದುಡಿಸುವುದು ಸಲ್ಲದೆಂದಾಯಿತು. ಬಳಿಕ ಲಂಗೂರಿನಂತೆ ಕೂಗಬಲ್ಲ ಯುವಕರನ್ನು ನೇಮಿಸಿದರು. ಅಂತಹ ೪೦ ಮಂದಿ ಕೆಲಸದಲ್ಲಿರುವರೆಂದು ೨೦೧೪ರ ಜುಲೈ ತಿಂಗಳಿನಲ್ಲಿ ಸಂಸತ್ತಿಗೇ ತಿಳಿಸಲಾಯಿತು. ೨೦೧೮ರಲ್ಲಿ ಸಂಸತ್ ಸದಸ್ಯರಿಗೂ ಒಂದು ಸೂಚನಾಪತ್ರ ಹೊರಟಿತು: ಕೋತಿಯ ಕಣ್ಣಿನಲ್ಲಿ ಕಣ್ಣಿಟ್ಟು ನೋಡಬಾರದು, ತಾಯಿ ಮರಿಗಳ ನಡುವೆ ಹಾದುಹೋಗಬಾರದು ಎಂದು. ೨೦೨೩ರ ಸೆಪ್ಟೆಂಬರಿನಲ್ಲಿ ಜಿ–೨೦ ಸಮ್ಮೇಳನಕ್ಕೆ ದೇಶದೇಶಗಳ ನಾಯಕರು ಬಂದಾಗ, ರಸ್ತೆಬದಿಗಳಲ್ಲಿ ಲಂಗೂರಿನ ಚಿತ್ರದ ಹಲಗೆಗಳನ್ನು ನಿಲ್ಲಿಸಿದರು. ನಮ್ಮ ಕಣ್ಣಿನ ಓಟವನ್ನೇ ಓದಬಲ್ಲ ಪ್ರಾಣಿಗೆ, ಹಲಗೆಯ ಲಂಗೂರಿನ ಕಣ್ಣು ಕದಲುವುದಿಲ್ಲವೆಂದು ಅರಿಯಲು ಎಷ್ಟು ದಿನ ಬೇಕು?

ಇವುಗಳ ನಡುವೆ ಒಂದು ಗಂಭೀರ ಪ್ರಯತ್ನವೂ ನಡೆದಿದೆ. ೨೦೦೭ರ ಮಾರ್ಚ್ ತಿಂಗಳಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ನಗರದ ಕೋತಿಗಳನ್ನು ಹಿಡಿದು ದಕ್ಷಿಣದ ಅಂಚಿನ ಅಸೋಲಾ ಭಟ್ಟಿ ವನ್ಯಜೀವಿಧಾಮಕ್ಕೆ ಸಾಗಿಸಬೇಕೆಂದೂ, ಅಲ್ಲಿ ಅವಕ್ಕೆ ಆಹಾರ ಒದಗಿಸಬೇಕೆಂದೂ ಆಜ್ಞೆ ಮಾಡಿತು. ಅಂದಿನಿಂದ ೨೦,೦೦೦ಕ್ಕೂ ಹೆಚ್ಚು ಕೋತಿಗಳನ್ನು ಸಾಗಿಸಲಾಗಿದೆ. ಆದರೂ ನಗರದಲ್ಲಿ ಕೋತಿಗಳು ಕಡಿಮೆಯಾದಂತೆ ಕಾಣುವುದಿಲ್ಲ. ಒಂದು ಗುಂಪು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಹೋದವುಗಳಲ್ಲಿಯೂ ಕೆಲವು ಸುತ್ತಲಿನ ವಸತಿಗಳಿಗೆ ಇಳಿಯುತ್ತವೆ. ಶಿಷ್ಯರನ್ನು ಊರು ಬಿಡಿಸಿದರೇನು? ಗುರುಗಳು ಇಲ್ಲಿಯೇ ಇದ್ದಾರೆ, ಪಾಠಶಾಲೆ ತೆರೆದೇ ಇದೆ. ಹೊಸ ಶಿಷ್ಯರು ಬಂದು ಸೇರುವುದು ಸಹಜವಲ್ಲವೇ?

ಇದು ಕೇವಲ ನಗೆಯ ವಿಷಯವಾಗಿದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ೨೦೦೭ರ ಅಕ್ಟೋಬರ್ ತಿಂಗಳಿನಲ್ಲಿ ದೆಹಲಿಯ ಉಪಮೇಯರ್ ಎಸ್. ಎಸ್. ಬಾಜ್ವಾ ಅವರು ತಮ್ಮ ಮನೆಯ ಮಾಳಿಗೆಯಲ್ಲಿ ಕೋತಿಗಳನ್ನು ಓಡಿಸಲು ಹೋಗಿ ಕೆಳಗೆ ಬಿದ್ದು ತೀರಿಕೊಂಡರು. ಕಚ್ಚಿಸಿಕೊಂಡು ಆಸ್ಪತ್ರೆಗೆ ಓಡುವ ಮಕ್ಕಳ, ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಲು ಅಂಜುವ ತಾಯಂದಿರ ಕಷ್ಟ ನಿಮಗೇ ಗೊತ್ತಿದೆ. ಈ ಕಷ್ಟವು ಕೋಪವಾಗಿ, ಕೋಪವು ಕಲ್ಲಾಗಿ, ವಿಷವಾಗಿ, ವಿದ್ಯುತ್ತಿನ ತಂತಿಯಾಗಿ ಮಾರ್ಪಡಲು ಬಹಳ ದಿನ ಬೇಕಾಗುವುದಿಲ್ಲ. ಕಳ್ಳನೆಂಬ ಹೆಸರು ಬಿದ್ದ ಮೇಲೆ ಅವನ ಪ್ರಾಣವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋತಿಗಳೇನು ಎಲ್ಲೆಲ್ಲಿಯೂ ಇವೆ, ಅವು ಕಡಿಮೆಯಾಗುವುದುಂಟೇ ಎಂದು ನೀವು ಕೇಳಬಹುದು. ಉಂಟು. ಮೈಸೂರಿನ ಸುತ್ತಲಿನ ಪ್ರದೇಶದಲ್ಲಿ ಟೋಪಿತಲೆಯ ಕೋತಿಗಳ ಸಂಖ್ಯೆ ೨೫ ವರ್ಷಗಳಲ್ಲಿ ಶೇಕಡಾ ೬೫ಕ್ಕೂ ಹೆಚ್ಚು ಇಳಿದಿದೆಯೆಂದು ೨೦೧೭ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ರಸ್ತೆಗಳನ್ನು ಅಗಲಮಾಡಲು ಸಾಲುಮರದ ಆಲಗಳು ಉರುಳಿದವು. ಊರಿನವರು ಸಾಕಾಗಿ ಹಿಡಿಸಿ ಬೇರೆಡೆಗೆ ಸಾಗಿಸಿದರು. ನಿಮ್ಮ ಅಜ್ಜ ಅಜ್ಜಿಯರು ಮೈಸೂರಿನ ರಸ್ತೆಯಲ್ಲಿ ಗುಂಪುಗುಂಪಾಗಿ ಕಂಡ ಕೋತಿಯನ್ನು ನಿಮ್ಮ ಮಕ್ಕಳು ಚಿತ್ರದಲ್ಲಿ ಮಾತ್ರ ನೋಡುವ ದಿನ ಬಾರದೆಂದು ಹೇಳಲು ಆಧಾರವಿಲ್ಲ.

ಹಾಗಾದರೆ ಕೋತಿ ಮಾಡುವುದು ಕಳ್ಳತನವೇ? ನಮ್ಮ ದಂಡಶಾಸ್ತ್ರದ ಪ್ರಕಾರ ಕಳ್ಳತನಕ್ಕೆ ಕೆಟ್ಟ ಉದ್ದೇಶವಿರಬೇಕು. ಇದು ಪರರ ಸೊತ್ತು, ಒಪ್ಪಿಗೆಯಿಲ್ಲದೆ ಒಯ್ಯುತ್ತಿದ್ದೇನೆಂಬ ಅರಿವಿರಬೇಕು. ಕೋತಿಗೆ ನಾವು ನೋಡುತ್ತಿದ್ದೇವೆಯೇ ಎಂಬ ಅರಿವಿದೆ, ಹಿಡಿದರೆ ಹೊಡೆಯುತ್ತೇವೆಂಬ ಭಯವಿದೆ, ನಾಚಿಕೆ ಇಲ್ಲ. ಸೊತ್ತು ಪರರದೆಂಬ ವಿಚಾರ ಅದರದಲ್ಲ, ನಮ್ಮದು. ಇಲ್ಲಿ ನಿಮಗೆ, ವಿಶೇಷವಾಗಿ ಪರೀಕ್ಷೆಗೆ ಕುಳಿತುಕೊಳ್ಳುವವರಿಗೆ, ಒಂದು ಮಾತು ಹೇಳಬೇಕೆನಿಸುತ್ತದೆ. ಮೇಷ್ಟ್ರು ಎದುರಿಗೆ ನೋಡುತ್ತಿರುವಾಗ ಪೆನ್ನು ಕಚ್ಚುತ್ತ ಕುಳಿತು, ಅವರು ಬೆನ್ನು ತಿರುಗಿಸಿದಾಗ ಪಕ್ಕದವನ ಹಾಳೆಗೆ ಕಣ್ಣು ಹಾಯಿಸುವ ಬುದ್ಧಿವಂತಿಕೆ ಕಾಯೊ ಸ್ಯಾಂಟಿಯಾಗೊ ದ್ವೀಪದ ಕೋತಿಗಳಿಗೂ ಇದೆ. ಅದಕ್ಕೆ ಶಾಲೆಗೆ ಬರಬೇಕಾಗಿಲ್ಲ. ಯಾರೂ ನೋಡದಿದ್ದಾಗಲೂ ಕೈ ಚಾಚದೆ ಇರುವುದೇ ಮನುಷ್ಯನು ಕೋತಿಗಿಂತ ಒಂದು ಮೆಟ್ಟಿಲು ಮೇಲೇರಿದ್ದಕ್ಕೆ ಗುರುತು. ಆ ಮೆಟ್ಟಿಲನ್ನು ಏರಿದವನಿಗೆ ಮಾತ್ರ ಕೋತಿಯನ್ನು ಕಳ್ಳನೆಂದು ಕರೆಯುವ ಅಧಿಕಾರವುಂಟು. ಏರಿದವನು ಹಾಗೆ ಕರೆಯಲು ಅವಸರ ಪಡುವುದಿಲ್ಲ.

ಮಾಡಬೇಕಾದುದೇನು? ಕೋತಿಯನ್ನು ಹೊಡೆಯುವುದೂ ಅಲ್ಲ, ಪೂಜಿಸುತ್ತ ಕೆಡಿಸುವುದೂ ಅಲ್ಲ. ಕೆಟ್ಟ ಪಾಠವನ್ನು ನಿಲ್ಲಿಸುವುದು. ನಿಲ್ಲಿಸಬೇಕಾದವರು ಮಂತ್ರಿಗಳೂ ನಗರಪಾಲಿಕೆಯವರೂ ಮಾತ್ರವಲ್ಲ, ನಾವೂ ನೀವೂ ಕೂಡ. ಶಾಲೆಯ ಅಂಗಳದಲ್ಲಿ ಬುತ್ತಿಯ ಡಬ್ಬಿಯನ್ನು ತೆರೆದಿಟ್ಟು ಆಟಕ್ಕೆ ಓಡಬೇಡಿರಿ. ಉಳಿದ ತಿಂಡಿಯನ್ನು ಗೋಡೆಯ ಮೇಲಿಡಬೇಡಿರಿ. ಅದು ದಯೆಯಲ್ಲ, ನಾಳೆ ಬರಬೇಕೆಂಬ ಆಹ್ವಾನ. ಕಸದ ತೊಟ್ಟಿಗೆ ಮುಚ್ಚಳ ಹಾಕಿರಿ. ಮುಚ್ಚಳವಿಲ್ಲದಿದ್ದರೆ ನಿಮ್ಮ ಬಡಾವಣೆಯ ಹಿರಿಯರ ಮುಂದೆ ಆ ಮಾತನ್ನೆತ್ತಿರಿ. ಕೋತಿ ಎದುರಾದರೆ ಹಲ್ಲು ತೋರಿಸಬೇಡಿರಿ, ಕಣ್ಣಿಗೆ ಕಣ್ಣು ಕೂಡಿಸಬೇಡಿರಿ, ಓಡಬೇಡಿರಿ. ಮೆಲ್ಲನೆ ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ ಅಥವಾ ಪರಚಿದರೆ ಅಂಜಿ ಮುಚ್ಚಿಡಬೇಡಿರಿ. ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಮನೆಯವರಿಗೆ ಹೇಳಿ, ಅಂದೇ ವೈದ್ಯರಲ್ಲಿಗೆ ಹೋಗಿರಿ.

ಇವೆಲ್ಲಕ್ಕಿಂತ ಕಠಿನವಾದುದು ಇನ್ನೊಂದಿದೆ. ಮಂಗಳವಾರ ನಿಮ್ಮ ಅಜ್ಜಿ ಬಾಳೆಯಹಣ್ಣಿನ ಚೀಲ ಹಿಡಿದು ಹೊರಟಾಗ ಅವರೊಡನೆ ವಾದ ಹೂಡಬೇಡಿರಿ. ಹಿರಿಯರ ಭಕ್ತಿಯನ್ನು ಕಿರಿಯರು ಹಂಗಿಸಬಾರದು. “ಅಜ್ಜಿ, ಹಣ್ಣನ್ನು ದೇವಸ್ಥಾನದಲ್ಲಿಯೇ ಕೊಡೋಣ, ಬಂದ ಮಕ್ಕಳಿಗೆ ಪ್ರಸಾದವಾಗಿ ಹಂಚಲಿ. ಹನುಮಂತನ ಹೆಸರಿನಲ್ಲಿ ಮಳೆಗಾಲದಲ್ಲೊಂದು ಅತ್ತಿಯ ಸಸಿಯನ್ನೋ ನೇರಳೆಯ ಸಸಿಯನ್ನೋ ನೆಡಿಸೋಣ” ಎಂದು ಮೆಲ್ಲಗೆ ಹೇಳಿರಿ. ಮೊಮ್ಮಗಳ ಮಾತನ್ನು ಅಜ್ಜಿಯಂದಿರು ಮೇಷ್ಟ್ರ ಮಾತಿಗಿಂತ ಬೇಗ ಕೇಳುತ್ತಾರೆಂಬುದು ಲೋಕಾನುಭವ. ರಿಡ್ಜಿನ ಮುಳ್ಳುಮರಗಳ ನಡುವೆ ಹಣ್ಣಿನ ಮರಗಳು ಎದ್ದರೆ, ಕೋತಿಗೆ ತನ್ನ ಹಳೆಯ ವೃತ್ತಿಗೆ ಮರಳಲು ಒಂದು ದಾರಿಯಾದರೂ ತೆರೆಯುತ್ತದೆ.

ಕೋತಿಯು ಶ್ರೇಷ್ಠ ವಿದ್ಯಾರ್ಥಿ. ಅದು ಗಮನವಿಟ್ಟು ನೋಡುತ್ತದೆ, ತಪ್ಪಿದರೆ ಮತ್ತೆ ಪ್ರಯತ್ನಿಸುತ್ತದೆ, ಕಲಿತದ್ದನ್ನು ಮರೆಯುವುದಿಲ್ಲ, ತನ್ನ ಮರಿಗಳಿಗೂ ದಾಟಿಸುತ್ತದೆ. ಇಂತಹ ಶಿಷ್ಯನು ಸಿಕ್ಕಾಗ ಒಳ್ಳೆಯ ಗುರು ಹಿಗ್ಗುತ್ತಾನೆ. ಕೈಯೊಡ್ಡಿದರೆ ಸಿಗುವುದಿಲ್ಲ, ಕಸಿದರೂ ಸಿಗುವುದಿಲ್ಲ, ಮರ ಹತ್ತಿದರೆ ಸಿಗುತ್ತದೆ ಎಂಬ ಪಾಠವನ್ನು ದೆಹಲಿಯು ಹೇಳತೊಡಗಲಿ. ಅದನ್ನೂ ಅದು ಅಷ್ಟೇ ಶ್ರದ್ಧೆಯಿಂದ ಕಲಿತೀತು.